ಮೇಲೊಂದು ರೂಮು ಕಟ್ಟಲು ಹೋದದ್ದು

ಸಾಲ ಬೇಡ ಬೇಡ ಎಂದರೂ ಫೋನ್ ಮಾಡಿ ಕೊಡುತ್ತೇವೆ ಎನ್ನುವವರು, ನಿಜವಾಗಿ ಬೇಕೆಂದು ಹೋಗಿ ನಿಂತಾಗ ಕಳ್ಳನನ್ನು ನೋಡಿದ ಹಾಗೆ ನೋಡುತ್ತಾರೆ. ಇದು ನನಗೊಬ್ಬನಿಗೇ ಆಗುವುದಲ್ಲ, ಎಲ್ಲರಿಗೂ ಆಗುತ್ತಲೇ ಇರುತ್ತದೆ. ನನಗೆ ಆಗುವಾಗ ಮಾತ್ರ ಸ್ವಲ್ಪ ಜಾಸ್ತಿಯೇ ಆಗುತ್ತದೆ.

ಶಿವಮೊಗ್ಗದ ವಿದ್ಯಾನಗರದಲ್ಲಿ ನಮ್ಮ ಮನೆ. ಬ್ಯಾಂಕಿನ ಸಾಲದಲ್ಲಿ ಕಟ್ಟಿದ್ದು. ಒಂಬತ್ತು ವರ್ಷದಿಂದ ಒಂದು ಕಂತೂ ತಪ್ಪಿಸಿಲ್ಲ. ನನ್ನ ಹೆಂಡತಿ ಹಾಲಿನಲ್ಲೇ ಟೈಲರಿಂಗ್ ಕ್ಲಾಸ್ ನಡೆಸುತ್ತಾಳೆ. ನಾಲ್ಕು ಮಷಿನ್ನು, ಹನ್ನೆರಡು ಜನ ಹೆಣ್ಣುಮಕ್ಕಳು. ಸಂಜೆ ನಾನು ಮನೆಗೆ ಬಂದರೆ ಕೂರಲು ಉಳಿದಿರುವುದು ಬಚ್ಚಲಮನೆಯ ಪಕ್ಕದ ಸ್ಟೂಲು ಒಂದೇ. ಅವಳಿಗೆ ಮಹಡಿ ಮೇಲೆ ಕ್ಲಾಸಿಗೆಂದೇ ಒಂದು ರೂಮು ಬೇಕಾಗಿತ್ತು. ಹೊಸದಾಗಿ ಸೇರಲು ಬಂದ ಎಂಟು ಜನರನ್ನು ಜಾಗವಿಲ್ಲವೆಂದು ವಾಪಸ್ ಕಳಿಸಿದ ದಿನ ಅವಳು ಊಟ ಮಾಡಲಿಲ್ಲ. ನನಗೂ ಬೇಜಾರಾಯಿತು. ಇರುವ ಮನೆಸಾಲದ ಮೇಲೇ ಇನ್ನಷ್ಟು ಕೊಡುತ್ತಾರಂತೆ, ಅದಕ್ಕೆ ಟಾಪ್ ಅಪ್ ಎನ್ನುತ್ತಾರಂತೆ, ಕೇಳಿಯೇ ಬಿಡೋಣ ಎಂದು ಹೊರಟೆ.

ಹರಿದ ಜೇಬು

ನಾನು ಭದ್ರಾವತಿಯ ಹೈಸ್ಕೂಲೊಂದರಲ್ಲಿ ಗುಮಾಸ್ತ. ಅಲ್ಲಿ ನಮ್ಮ ಡ್ರಿಲ್ ಮೇಷ್ಟ್ರು ಇದ್ದಾರೆ, ಕಾಗದನಗರದಲ್ಲಿ ವಾಸ. ಡ್ರಿಲ್ ಒಂದು ಬಿಟ್ಟು ಪ್ರಪಂಚದ ಬೇರೆ ಎಲ್ಲ ವಿಷಯವೂ ಅವರಿಗೆ ಗೊತ್ತು. ಬ್ಯಾಂಕಿಗೆ ಹೋಗುತ್ತಿದ್ದೇನೆ ಎಂದೆ. ನನ್ನ ಇಸ್ತ್ರಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ, “ಕೇಳೋಕೆ ಹೋಗೋನು ಕೇಳೋನ ಥರ ಇರ್ಬೇಕು ಮಾರಾಯ. ಹಿಂಗೆ ಹೋದ್ರೆ ನಿಂಗ್ಯಾಕೆ ಸಾಲ ಅಂತಾರೆ” ಎಂದರು.

ರೇಷನ್ ಕಾರ್ಡಿನ ತಪಾಸಣೆಗೆ ಬರುತ್ತಾರೆಂದರೆ ಫ್ರಿಜ್ಜಿಗೆ ಬೆಡ್‌ಶೀಟ್ ಹೊದಿಸಿ, ಮಿಕ್ಸಿಯನ್ನು ಮಂಚದ ಕೆಳಗೆ ತಳ್ಳುವ ಜನ ನಾವು. ಮಾತು ಸರಿ ಅನ್ನಿಸಿತು. ಬಣ್ಣ ಹೋದ, ಜೇಬು ಹರಿದ ಅಂಗಿ ಹುಡುಕಿ ತೊಟ್ಟೆ. ಕಾಲಿಗೆ ಹವಾಯಿ ಚಪ್ಪಲಿ. ಎರಡು ದಿನದಿಂದ ಗಡ್ಡವನ್ನೂ ಬಿಟ್ಟಿದ್ದೆ.

ಬ್ಯಾಂಕಿನ ಬಾಗಿಲಲ್ಲಿದ್ದ ಗಾರ್ಡ್ ಸಾಲದ ವಿಭಾಗದ ಕಡೆ ಬಿಡಲೇ ಇಲ್ಲ. ವೃದ್ಧಾಪ್ಯ ವೇತನದ ಸಾಲು ಆ ಕಡೆ ಎಂದು ತೋಳು ಹಿಡಿದು ಕರೆದುಕೊಂಡು ಹೋಗಿ ನಿಲ್ಲಿಸಿದ. ನನಗೆ ಐವತ್ತೊಂದು. ಬಾಯಿ ಬಿಡುವಷ್ಟರಲ್ಲಿ ನನ್ನ ಮುಂದೆ ಕೋಲು ಊರಿ ನಿಂತಿದ್ದ ಅಜ್ಜಿ ತಿರುಗಿ ನೋಡಿ, ಜೇಬನ್ನು ನೋಡಿ, “ನೀನೇ ಮುಂದೆ ಹೋಗಪ್ಪ, ನಂದು ಹೆಂಗೋ ನಡೀತದೆ” ಎಂದು ಜಾಗ ಬಿಟ್ಟುಕೊಟ್ಟರು.

ಜಾಮೀನಿನ ವಡೆ

ಮಾರನೆಯ ದಿನ ಇಸ್ತ್ರಿ ಅಂಗಿಯಲ್ಲೇ ಹೋದೆ. ಸಾಲದ ಅಧಿಕಾರಿ ಮೆದು ಮಾತಿನ ಮನುಷ್ಯ. ಅದಕ್ಕೆ ಜೆರಾಕ್ಸ್, ಇದಕ್ಕೆ ಜೆರಾಕ್ಸ್ ಎಂದು ಪಟ್ಟಿ ಕೊಟ್ಟು, ನಾಳೆ ಬನ್ನಿ ಎಂದರು. ನಾಳೆ ಹೋದರೆ ಮತ್ತೆ ನಾಳೆ ಬನ್ನಿ. ಇಪ್ಪತ್ತೆರಡು ವರ್ಷದಿಂದ ಟಿ.ಸಿ. ಕೇಳಲು ಬಂದವರಿಗೆ ನಾನು ಇದೇ ಮಾತನ್ನು ಇದೇ ರಾಗದಲ್ಲಿ ಹೇಳುತ್ತಾ ಬಂದಿದ್ದೇನೆ. ಕೇಳಿಸಿಕೊಳ್ಳಲು ಇಷ್ಟು ಕೆಟ್ಟದಾಗಿರುತ್ತದೆ ಎಂದು ಗೊತ್ತಿರಲಿಲ್ಲ.

ಐದನೆಯ ನಾಳೆಗೆ ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನಾನು ಯಾರದೋ ಬೈಕಿನ ಸಾಲಕ್ಕೆ ಜಾಮೀನು ಹಾಕಿದ್ದೇನೆ, ಆ ಮನುಷ್ಯ ಮೂರು ಕಂತು ಕಟ್ಟಿಲ್ಲ, ಹಾಗಾಗಿ ನನ್ನ ಹೆಸರಿಗೂ ಮಸಿ. ನೋಡಿದರೆ ಅದು ನಮ್ಮ ಡ್ರಿಲ್ ಮೇಷ್ಟ್ರ ಬೈಕು. ಒಂದು ದಿನ ಕ್ಯಾಂಟೀನಿನಲ್ಲಿ ಮಸಾಲೆ ವಡೆ ಕೊಡಿಸಿ, ವಡೆ ಮುಗಿಯುವುದರೊಳಗೆ ನನ್ನಿಂದ ನಾಲ್ಕು ಕಡೆ ರುಜು ಹಾಕಿಸಿಕೊಂಡಿದ್ದರು. ವಡೆಯ ರುಚಿ ನೆನಪಿತ್ತು, ರುಜು ಮರೆತುಹೋಗಿತ್ತು.

ಸ್ಟಾಫ್ ರೂಮಿನಲ್ಲಿ ಹಿಡಿದು ಕೇಳಿದೆ. ಮೇಷ್ಟ್ರ ಮುಖ ಕೆಂಪಾಯಿತು. ನಾಚಿಕೆಯಿಂದಲ್ಲ, ಸಿಟ್ಟಿನಿಂದ. “ನಾನು ಕಟ್ಟಿಲ್ಲ ಅಂತ ನಿಂಗೆ ಹೇಳಿಬಿಟ್ರಾ? ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳೋ ಬ್ಯಾಂಕು ಅದೆಂಥ ಬ್ಯಾಂಕು? ನೋಡು ಮಾರಾಯ, ನೀನು ಮಾತ್ರ ಅಂಥವ್ರ ಹತ್ರ ಸಾಲ ತಗೋಬೇಡ” ಎಂದರು.

ಚೆನ್ನಾಗಿದೆ ಅಂದದ್ದಕ್ಕೆ

ಆ ಮೂರು ಕಂತು ನಾನೇ ಕಟ್ಟಿದೆ. ಫೈಲು ಮುಂದೆ ಹೋಯಿತು. ಮನೆ ಎಷ್ಟು ಬೆಲೆ ಬಾಳುತ್ತದೆ ಎಂದು ನೋಡಲು ಬ್ಯಾಂಕಿನ ಕಡೆಯಿಂದ ಒಬ್ಬ ಇಂಜಿನಿಯರ್ ಟೇಪು ಹಿಡಿದುಕೊಂಡು ಬಂದರು.

ಇಲ್ಲಿ ನನ್ನ ಹೆಂಡತಿಯ ಒಂದು ನಿಯಮ ಹೇಳಬೇಕು. ಯಾರಾದರೂ ಏನನ್ನಾದರೂ ಚೆನ್ನಾಗಿದೆ ಎಂದರೆ ಆ ಕ್ಷಣವೇ ಅದನ್ನು ತೆಗಳಬೇಕು, ಇಲ್ಲದಿದ್ದರೆ ದೃಷ್ಟಿಯಾಗುತ್ತದೆ. ಮಗು ದುಂಡಗಿದೆ ಎಂದರೆ ನಾಲ್ಕು ದಿನದಿಂದ ಹಾಲೇ ಕುಡಿದಿಲ್ಲ ಎನ್ನಬೇಕು. ಅವಳ ತಾಯಿಯೂ ಹಾಗೆ, ನನ್ನ ತಾಯಿಯೂ ಹಾಗೆ.

ಇಂಜಿನಿಯರ್ ಹಾಲಿನಲ್ಲಿ ನಿಂತು, ಮನೆ ಒಳ್ಳೇ ಗಟ್ಟಿಮುಟ್ಟಾಗಿ ಕಟ್ಟಿಸಿದ್ದೀರಿ ಎಂದರು. ಕಾಫಿ ತರುತ್ತಿದ್ದ ಇವಳು, “ಅಯ್ಯೋ, ಎಲ್ಲಿ ಗಟ್ಟಿ ಸಾರ್. ಮಳೆ ಬಂದ್ರೆ ಗೋಡೆಯೆಲ್ಲಾ ನೀರು ಕುಡಿಯತ್ತೆ” ಎಂದಳು. ನಮ್ಮ ಗೋಡೆ ಒಂಬತ್ತು ಮಳೆಗಾಲದಲ್ಲಿ ಒಂದು ತೊಟ್ಟು ಕುಡಿದಿಲ್ಲ. ತೇಗದ ಬಾಗಿಲಲ್ವಾ, ಚೆನ್ನಾಗಿದೆ ಎಂದರು. ತೇಗ ಅಂತ ಯಾವುದೋ ಕಾಡುಮರ ಕೊಟ್ಟು ಮೋಸ ಮಾಡಿದ, ಒಳಗೆಲ್ಲಾ ಗೆದ್ದಲು ಎಂದಳು. ನಾನು ಅವಳಿಗೆ ಕಣ್ಸನ್ನೆ ಮಾಡಿ ಮಾಡಿ ಸುಸ್ತಾದೆ. ಆಮೇಲೆ ಮಹಡಿ ಮೇಲೆ, ಪಿಲ್ಲರು ಬಲವಾಗಿದೆ, ಇನ್ನೂ ಎರಡು ಅಂತಸ್ತು ಏಳಿಸಬಹುದು ಎಂದು ಅವರು ಅಂದಾಗ ನನ್ನ ಬಾಯಿಂದಲೇ, “ಏನೋ ಸಾರ್, ಬಡವರ ಗುಡಿಸಲು” ಎಂದು ಬಂದುಬಿಟ್ಟಿತು. ಅವರು ಎಲ್ಲವನ್ನೂ ಬರೆದುಕೊಂಡರು. ಅವರು ಗೇಟು ದಾಟಿದ ಮೇಲೆ ಇವಳು ಮನೆಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಹಾಕಿದಳು.

ಹದಿನೈದು ದಿನಕ್ಕೆ ಟಾಪ್ ಅಪ್ ಕೊಡಲಾಗದು ಎಂಬ ಕಾಗದ ಬಂತು. ಗೋಡೆಗೆ ತೇವ, ಮರಕ್ಕೆ ಗೆದ್ದಲು, ಮಾಲೀಕರೇ ಒಪ್ಪಿಕೊಂಡಿದ್ದಾರೆ. ಓಡಿಹೋಗಿ ಅಧಿಕಾರಿಗೆ ದೃಷ್ಟಿಯ ವಿಷಯ ವಿವರಿಸಿದೆ. ಅವರು ನಗಲಿಲ್ಲ. “ನಮ್ಮನೇಲೂ ಹಂಗೇ ಹೇಳೋದು, ನಂಗೆ ಅರ್ಥ ಆಗತ್ತೆ. ಆದ್ರೆ ಫೈಲಿಗೆ ದೃಷ್ಟಿ ತಾಗಲ್ವಲ್ಲ ಸಾರ್” ಎಂದರು.

ಹೊಗಳಿಕೆಯ ಫಲ

ಇನ್ನೊಮ್ಮೆ ಫೀಸು ಕಟ್ಟಿದರೆ ಬೇರೆ ಇಂಜಿನಿಯರನ್ನು ಕಳಿಸುತ್ತೇವೆ ಎಂದರು. ಕಟ್ಟಿದೆ. ಹೆಂಡತಿಗೆ ತಾಲೀಮು ಶುರು ಮಾಡಿದೆ. ನಾನು ಚೆನ್ನಾಗಿದೆ ಎನ್ನಬೇಕು, ಅವಳು ಹೌದು ಎನ್ನಬೇಕು. ಮೊದಲ ದಿನ ಹೌದು ಎನ್ನುವಾಗ ಅವಳಿಗೆ ಕೆಮ್ಮೇ ಬಂತು. ನಾಲ್ಕನೆಯ ದಿನದ ಹೊತ್ತಿಗೆ ಮಾತು ನೀರಿನ ಹಾಗೆ ಹರಿಯತೊಡಗಿತು.

ಸೋಮವಾರ ನಾನು ಭದ್ರಾವತಿಯಲ್ಲಿದ್ದಾಗ ಟೇಪು, ಫೈಲು ಹಿಡಿದ ಒಬ್ಬರು ಗೇಟಿನ ಹತ್ತಿರ ನಿಂತರು. ಅವರು ಹೊಗಳುವವರೆಗೂ ಇವಳು ಕಾಯಲಿಲ್ಲ. ಗೋಡೆ ಕಲ್ಲಿನ ಹಾಗಿದೆ, ಬಾಗಿಲು ಅಪ್ಪಟ ತೇಗ, ಮೇಲೆ ಮೂರು ಅಂತಸ್ತು ತಡೆಯುತ್ತದೆ. ಹನ್ನೆರಡು ಹೆಣ್ಣುಮಕ್ಕಳು ಅವಳ ಬಾಯಲ್ಲಿ ಇಪ್ಪತ್ತಾದರು. ಒಳ್ಳೇ ಸಂಪಾದನೆ ಇದೆ, ಮೇಲೆ ರೂಮಾದರೆ ನಲವತ್ತು ಜನ ಬರುತ್ತಾರೆ ಎಂದೂ ಹೇಳಿದಳು. ಬಂದವರು ಎರಡು ಸಲ ಕಾಫಿ ಕುಡಿದು, ಚಕ್ಕುಲಿ ತಿಂದು, ಕ್ಲಾಸಿನ ಫೋಟೋ ತೆಗೆದು, ರುಜು ಹಾಕಿಸಿಕೊಂಡು, ನಿಮ್ಮಂಥ ಪ್ರಾಮಾಣಿಕರು ಸಿಗುವುದು ಅಪರೂಪ ಎಂದು ಕೈಮುಗಿದು ಹೋದರಂತೆ. ಸಂಜೆ ಅವಳು ಹೆಮ್ಮೆಯಿಂದ ಕೊಟ್ಟ ಚೀಟಿ ಓದಿದೆ. ಬಂದಿದ್ದವರು ಬ್ಯಾಂಕಿನವರೇ ಅಲ್ಲ, ಮನೆ ಕಂದಾಯದ ಸರ್ವೆಯವರು. ಕಟ್ಟಡ ಉತ್ತಮ, ಹಾಲು ಇನ್ನು ಮುಂದೆ ವಾಣಿಜ್ಯ ಬಳಕೆಯ ಜಾಗ, ಕಂದಾಯವೂ ಅದಕ್ಕೆ ತಕ್ಕ ಹಾಗೆ.

ಆದರೂ ಒಂದು ಆಸೆ. ಮನೆ ಗಟ್ಟಿಯಾಗಿದೆ ಎಂದು ಸೀಲು ಹಾಕಿದ ಕಾಗದವೇ ಸಿಕ್ಕಿತಲ್ಲ, ಇನ್ನು ಬೇರೆ ಇಂಜಿನಿಯರ್ ಯಾಕೆ ಎಂದು ಹೆಂಡತಿಯನ್ನೂ ಕರೆದುಕೊಂಡು ಬ್ಯಾಂಕಿಗೆ ಹೋದೆ. ಅಧಿಕಾರಿ ಪೂರ್ತಿ ಓದಿ, ಕಟ್ಟಡ ಬಹಳ ಚೆನ್ನಾಗಿದೆ ಎಂದು ಒಪ್ಪಿಕೊಂಡರು. ಆಮೇಲೆ, ಟಾಪ್ ಅಪ್ ಕೊಡುವುದು ಮನೆಗೆ, ಈ ಕಾಗದದ ಪ್ರಕಾರ ನಿಮ್ಮದು ಅಂಗಡಿ ಎಂದರು. ಹಾಗಾದರೆ ಅಂಗಡಿಯ ಸಾಲವನ್ನೇ ಕೊಡಿ ಎಂದೆ. ಅದಕ್ಕೆ ಅಂಗಡಿ ಬೇಕು, ನಮ್ಮ ಫೈಲಿನಲ್ಲಿ ನಿಮ್ಮದು ಮನೆ ಎಂದರು.

ಎದ್ದು ನಿಂತೆವು. ಹೆಂಡತಿಯ ಕಣ್ಣು ನೋಡಿ ನನಗೆ ಸಂಕಟವಾಯಿತು. ಅಧಿಕಾರಿಗೂ ಆಗಿರಬೇಕು. ಸಮಾಧಾನಕ್ಕೋ ಏನೋ, ದನಿ ತಗ್ಗಿಸಿ, ಮನೆಯಲ್ಲಿ ನಾದಿನಿಯ ಮದುವೆ ಇದೆ, ಊರಿನಲ್ಲಿ ಯಾವ ಟೈಲರೂ ಸಿಗುತ್ತಿಲ್ಲ, ತಮ್ಮ ಹೆಂಡತಿಯ ಆರು ಬ್ಲೌಸ್ ಹೊಲಿಯಲು ಕಳಿಸಲೇ ಎಂದು ಕೇಳಿದರು.

ಇವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವರ ಮೇಜಿನಿಂದ ಒಂದು ಬಿಳಿ ಹಾಳೆ ಎತ್ತಿ ಅವರ ಮುಂದೆಯೇ ಇಟ್ಟಳು.

“ಧಾರಾಳವಾಗಿ ಕಳಿಸಿ ಸಾರ್. ಆದ್ರೆ ಮನೆಗೆ ಕಳಿಸ್ತೀರೋ ಅಂಗಡಿಗೆ ಕಳಿಸ್ತೀರೋ, ಅದನ್ನ ಮೊದ್ಲು ಇದ್ರಲ್ಲಿ ಬರೆದು ಸೀಲು ಹಾಕಿ ಕೊಡಿ.”