ನಮ್ಮ ಬಸ್ಸಿನೊಳಗಿನ ನರಿ

ನನಗೆ ಕುಂತಲ್ಲಿ ಕುಂತಿರಲು ಬರುವುದಿಲ್ಲ, ಬಾಯಿ ಮುಚ್ಚಿಕೊಂಡಿರಲು ಮೊದಲೇ ಬರುವುದಿಲ್ಲ. ಹಂಗಾಗಿ ಇಂಥವೆಲ್ಲ ನನಗೇ ಗಂಟು ಬೀಳುತ್ತವೆ. ನಾನು ಕಂಪ್ಲಿ ಕಡೆಯ ಹಳ್ಳಿಯವನು. ನನ್ನಷ್ಟು ಗಟ್ಟಿಯಾಗಿ, ರಾಗವಾಗಿ ಓದುವವನು ನಮ್ಮೂರಲ್ಲಿ ಇನ್ನೊಬ್ಬ ಹುಟ್ಟಿಲ್ಲ. ಹೊಸಪೇಟೆಯಿಂದ ಸಂಡೂರಿನ ಗಣಿಗೆ ಕೆಲಸಗಾರರನ್ನು ಒಯ್ಯುವ ಬಸ್ಸಿನಲ್ಲಿ ದಿನಾ ಹೋಗುತ್ತೇನೆ. ಕೆಲಸ ಕಾಂಟ್ರ್ಯಾಕ್ಟಿಂದು. ಅದು ನಾನು ಹೇಳಹೊರಟಿರುವ ತಿಂಗಳಿಗೆ ಮುಗಿಯುತ್ತಿತ್ತು. ಮುಂದಿನ ವರ್ಷ ನಾನಿರಬೇಕೋ ಬೇಡವೋ ಎಂಬುದು ಮ್ಯಾನೇಜರ್ ಸಾಹೇಬರ ಒಂದು ಸಹಿಯ ಮೇಲಿತ್ತು. ಅಂಥ ಹೊತ್ತಿನಲ್ಲಿ ಬುದ್ಧಿ ಇದ್ದವನು ತೆಪ್ಪಗಿರುತ್ತಾನೆ. ನಾನು ಕಥೆ ಓದಿದೆ.

ಅಳಿಯನ ಪುಸ್ತಕ

ಅಕ್ಕನ ಮಗನಿಗೆಂದು ಹಳೇ ಕಾಲದ ಪ್ರಾಣಿ ಕಥೆಗಳ ಪುಸ್ತಕ ಕೊಂಡಿದ್ದೆ. ಘಾಟಿಯಲ್ಲಿ ಮೊಬೈಲಿಗೆ ನೆಟ್‌ವರ್ಕ್ ಇರುವುದಿಲ್ಲ. ಬಸ್ಸಿನ ತುಂಬ ಬರೀ ಆಕಳಿಕೆ. ನನಗೆ ತಡೆಯಲಿಲ್ಲ, ಎದ್ದು ನಿಂತು ಒಂದು ಕಥೆ ಓದಿದೆ. ಮೊದಲು ನಕ್ಕರು, "ಲೇ, ನಾವೇನು ಅಂಗನವಾಡಿ ಹುಡುಗರೇನಲೇ?" ಅಂದರು. ಎರಡನೇ ಪುಟಕ್ಕೆ ಗಪ್‌ಚುಪ್. ಇಳಿಯುವಾಗ ಹಿಂದಿನ ಸೀಟಿನ ಮೆಕಾನಿಕ್ ಪುಸ್ತಕ ಕಿತ್ತುಕೊಂಡು ಡ್ರೈವರ್ ಪಕ್ಕದ ಡಬ್ಬಿಯಲ್ಲಿಟ್ಟ.

"ಅಣ್ಣಾ, ಅದು ನಮ್ಮ ಅಳಿಯಂದು."

"ಅವನಿಗೆ ಬೇರೆ ಕೊಡಸು. ಸಣ್ಣ ಹುಡುಗರಿಗೆ ಇಂಥವೆಲ್ಲ ತಿಳಿಯಂಗಿಲ್ಲ."

ಮೊಸಳೆ ಬಾಯಿ

ಇನ್ನೊಂದು ದಿನ ಗಣಿಯ ಗೇಟು ಬಂತು, ಕಥೆಯಲ್ಲಿ ಆಮೆ ಆಗಷ್ಟೇ ಮೊಸಳೆ ಬಾಯಿಗೆ ಸಿಕ್ಕಿತ್ತು. ನಾನು ಪುಸ್ತಕ ಮುಚ್ಚಿದೆ. ಡ್ರೈವರ್ ಎಂಜಿನ್ ಬಂದ್ ಮಾಡಿದ, ಬಾಗಿಲು ಮಾತ್ರ ತೆಗೆಯಲಿಲ್ಲ.

"ಆಮ್ಯಾಲೆ ಏನಾತು, ಅದನ್ನ ಹೇಳು. ಆಗ ಬಾಗಲಾ ತಗೀತೀನಿ."

ಓದಿ ಮುಗಿಸುವಷ್ಟರಲ್ಲಿ ಡ್ಯೂಟಿಗೆ ಎಲ್ಲರೂ ತಡ. ಗೇಟಿನ ವಾಚ್‌ಮನ್ ಲಾಠಿ ಅಡ್ಡ ಹಿಡಿದ.

"ಯಾಕ್ರಿ ಇಷ್ಟೊತ್ತು?"

"ಆಮಿ ಮೊಸಳಿ ಬಾಯಾಗ ಸಿಕ್ಕಿತ್ರಿ" ಅಂದೆ.

ಅವನು ಆಚೀಚೆ ನೋಡಿ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಉಳೀತಾ?"

ಹೆಣ್ಣು ಕಾಗೆ

ಗಂಡು ಕಾಗೆಯ ಮಾತು ಕೇಳದೆ ಹೆಣ್ಣು ಕಾಗೆ ಕೆಟ್ಟುಹೋದ ಕಥೆಯನ್ನು ನಮ್ಮ ವೆಲ್ಡರ್ ಮನೆಗೆ ಹೋಗಿ ಹೆಂಡತಿಗೆ ಹೇಳಿದನಂತೆ. ಮರುದಿನ ಬುತ್ತಿ ಇಲ್ಲದೆ ಬಂದ.

"ಲೇ ತಮ್ಮಾ, ಇವತ್ತು ಹೆಣ್ಣು ಕಾಗಿ ಗೆಲ್ಲೋ ಕಥಿ ಓದಲೇ."

"ಪುಸ್ತಕದಾಗ ಅಂಥದ್ದಿಲ್ಲಲ್ಲೋ ಅಣ್ಣಾ."

"ಇಲ್ಲಾಂದ್ರ ಹುಟ್ಟಿಸು! ನಿಂಗ ಕಥಿ, ನಂಗ ರೊಟ್ಟಿ."

ಹುಟ್ಟಿಸಿದೆ. ನನಗೇನು ಕಷ್ಟ! ಮರುದಿನ ಅವನ ಬುತ್ತಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಪಕ್ಕದಲ್ಲಿ ಅವನ ಹೆಂಡತಿ ಹೇಳಿ ಕಳಿಸಿದ ಬೇರೆ ಗಂಟು: "ಇದು ಕಥಿ ಓದೋ ಹುಡುಗಗ."

ನರಿ

ಆ ತಿಂಗಳ ಕೊನೆಗೆ ನಮ್ಮ ಸೂಪರ್‌ವೈಸರ್ ತಮ್ಮ ಜೀಪು ಕೆಟ್ಟು, ಬಸ್ಸಿನ ಮುಂದಿನ ಸೀಟಿಗೆ ಬಂದು ಕುಂತರು. ಗಣಿಯಲ್ಲಿ ಯಾರು ಸೀನಿದರೂ ಮ್ಯಾನೇಜರ್ ಕಿವಿಗೆ ಮುಟ್ಟಿಸುವ ಮನುಷ್ಯ ಇವರೇ. ಅವರು ನನ್ನ ಕಡೆ ತಿರುಗಿದರು.

"ಏನೋ ಓದ್ತೀಯಂತಲ್ಲ, ಓದು."

ಪುಸ್ತಕ ತೆಗೆದರೆ ಎದ್ದು ಬಂದದ್ದು ರಾಜ ಸಿಂಹ, ಅದರ ಕಿವಿ ಊದುವ ನರಿ. ನರಿ ಬಂದಾಗಲೆಲ್ಲ ಬಸ್ಸಿನ ಕಣ್ಣೆಲ್ಲ ಮುಂದಿನ ಸೀಟಿಗೆ. ಸಣ್ಣವರು ಇಂಥ ಕಥೆಯಲ್ಲಿ ಪ್ರಾಣಿ ನೋಡುತ್ತಾರೆ. ದೊಡ್ಡವರು ಪಕ್ಕದ ಸೀಟಿನವನನ್ನು ನೋಡುತ್ತಾರೆ. ಮೆಲ್ಲಗೆ ನರಿಯನ್ನು ಮೊಲ ಮಾಡಿದೆ. ಹಿಂದಿನಿಂದ ಮೆಕಾನಿಕ್ ಕೂಗಿದ, "ಲೇ, ಈಗರೆ ನರಿ ಇತ್ತಲ್ಲಲೇ!"

ಸೂಪರ್‌ವೈಸರ್ ಹೊಟ್ಟೆ ಹಿಡಿದು ನಕ್ಕರು. "ಆ ನರಿ ಯಾರಂತ ನಂಗೊತ್ತಾತು ಬಿಡು. ನಮ್ಮ ಮ್ಯಾನೇಜರ್ರು!"

ಬಸ್ಸೆಲ್ಲ ಹೋ ಎಂದಿತು. ನಾನು ಬಚಾವಾದೆ ಅಂದುಕೊಂಡೆ. ಮಧ್ಯಾಹ್ನವೇ ಮ್ಯಾನೇಜರ್ ಕರೆಸಿದರು. ಮೇಜಿನ ಮೇಲೆ ನನ್ನ ಕಾಂಟ್ರ್ಯಾಕ್ಟ್ ಕಾಗದ, ಸಹಿ ಇಲ್ಲ.

"ಬಸ್ಸಿನಾಗ ನನ್ನನ್ನ ನರಿ ಅಂತ ಓದಿದ್ಯಂತಲ್ಲ?"

"ಯಾರು ಹೇಳಿದ್ರಿ ಸಾಹೇಬ್ರ?"

"ಸೂಪರ್‌ವೈಸರ್."

"ಬಾಗಲಾ ಹಾಕ್ಕೊಂಡು, ಕಿವಿ ಹತ್ರ ಬಂದು ಹೇಳಿದ್ರೇನ್ರಿ?"

"ಹೂಂ. ಅದಕ್ಕೇನೀಗ?"

"ಏನಿಲ್ರಿ. ಕಥಿಯೊಳಗ ನರಿ ಮಾಡೋ ಕೆಲ್ಸಾನೂ ಅದೇ ರೀ."

ಸಾಹೇಬರು ಹುಬ್ಬು ಗಂಟಿಕ್ಕಿದರು. ಆಮೇಲೆ ತುಟಿ ಅಲ್ಲಾಡಿತು. ಆಮೇಲೆ ಕುರ್ಚಿಯೇ ಅಲ್ಲಾಡಿತು. ನಗು ನಿಂತ ಮೇಲೆ ಕೇಳಿದರು, "ಹಂಗಾದ್ರ ಕಥಿಯೊಳಗ ನಾನ್ಯಾರು?"

"ಸಹಿ ಬಿದ್ದ ಮ್ಯಾಲೆ ಹೇಳ್ತೀನ್ರಿ."

ಸಹಿ ಬಿತ್ತು. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೇಳಿದೆ, "ಸಿಂಹ ರೀ ಸಾಹೇಬ್ರ."

ಅವರು ಎದೆ ಉಬ್ಬಿಸಿ ಮೀಸೆ ಮೇಲೆ ಕೈ ಎಳೆದುಕೊಂಡರು. ಆ ಕಥೆಯಲ್ಲಿ ಕಿವಿಗೆ ಬಿದ್ದದ್ದನ್ನೆಲ್ಲ ನಂಬುವ ದಡ್ಡ ಪ್ರಾಣಿ ಅದೊಂದೇ. ಅದನ್ನು ಹೇಳಲಿಲ್ಲ. ಮುಂದಿನ ವರ್ಷವೂ ಸಹಿ ಬೇಕಲ್ಲ!