ಅಕ್ಕನ ಮೀನುಪೆಟ್ಟಿಗೆಯಲ್ಲಿ ಮಾವಿನಹಣ್ಣು

ನನ್ನ ಅಕ್ಕನನ್ನು ಯಾವ ಶುಭಕಾರ್ಯಕ್ಕೂ ಕರೆಯಬೇಡಿ. ಕರೆಯಲೇಬೇಕಾದರೆ ಹಣ್ಣಿನ ಹರಿವಾಣವನ್ನು ಮೊದಲು ಅಡಗಿಸಿಡಿ. ಒಡಹುಟ್ಟಿದವನಾಗಿ ಇದನ್ನು ಹೇಳಬಾರದು ನಿಜ. ಹೇಳದಿದ್ದರೆ ನಿಮ್ಮ ಮಕ್ಕಳ ಮದುವೆಗೆ ಯಾರು ಹೊಣೆ?

ಅಕ್ಕ ಬಲ್ಮಠದ ಒಂದು ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಾಳೆ. ಅಮ್ಮ ದೇರೆಬೈಲಿನಲ್ಲಿ ನಮ್ಮ ಜೊತೆಗಿದ್ದಾರೆ. ಕಳೆದ ಮಳೆಗಾಲದಲ್ಲಿ ಅಮ್ಮನಿಗೊಂದು ಕೆಟ್ಟ ಜ್ವರ ಬಂತು. ಹೋಗುವಾಗ ಮೂಗಿನ ಶಕ್ತಿಯನ್ನೂ ಕೊಂಡುಹೋಯಿತು. ಅಂದಿನಿಂದ ಅವರಿಗೆ ಬಂಗುಡೆ ಮೀನಿನ ಸಾರೂ ಒಂದೇ, ಬಿಸಿನೀರೂ ಒಂದೇ. ಎರಡು ತುತ್ತು ತಿಂದು "ಸಾಕು" ಎಂದು ಕೈ ತೊಳೆಯುತ್ತಿದ್ದರು. ರವಕೆಗಳೆಲ್ಲ ಸಡಿಲವಾದವು. ಡಾಕ್ಟರು, "ಕಾಯಬೇಕು, ಬಂದರೂ ಬಂದೀತು" ಎಂದರು. ನಾನು ಕಾದೆ. ಕಾಯುತ್ತಾ ಚಿಂತಿಸುವುದು ನನಗೆ ಕರಗತವಾದ ಏಕೈಕ ವಿದ್ಯೆ. ಅಕ್ಕ ಕಾಯಲಿಲ್ಲ.

"ಹೋದದ್ದು ಮೂಗು, ನಾಲಿಗೆ ಅಲ್ಲ," ಎಂದಳು. "ಹುಳಿ, ಸಿಹಿ, ಒಗರು ನಾಲಿಗೆಗೆ ಗೊತ್ತಾಗ್ತದೆ. ಮೂರೂ ಜೋರಿರುವ ಮಾವು ಯಾವುದಂತ ಹುಡುಕ್ತೇನೆ. ಅಮ್ಮ ಮಾವಿನಹಣ್ಣು ಬೇಡ ಹೇಳಿದ್ದು ನೀನು ಯಾವಾಗಾದ್ರೂ ಕಂಡಿದ್ದೀಯಾ?"

"ನಾನೇ ತಿಂದು ನೋಡಿ ಹೇಳಿದ್ರೆ ಸಾಲದಾ?"

"ನಿನ್ನ ನಾಲಿಗೆಯನ್ನು ನಂಬುದಾ? ನೀನು ಹಳಸಿದ ಸಾಂಬಾರನ್ನು ಎರಡನೇ ಸಲ ಬಡಿಸಿಕೊಂಡವ ಮಾರಾಯ."

ಹೀಗೆ ಮುಂಡಪ್ಪ, ನೆಕ್ಕರೆ, ಮಲ್ಲಿಕಾ ಎಂಬ ಮಾವಿನ ತಳಿಗಳೆಲ್ಲದರ ಜಾತಕ ತೆಗೆಯುವ ಕೆಲಸ ಶುರುವಾಯಿತು. ಸಕ್ಕರೆ ಎಷ್ಟು, ಆಮ್ಲ ಎಷ್ಟು, ಹಣ್ಣಾಗುವಾಗ ಯಾವ ಪ್ರೋಟೀನು ಏರುತ್ತದೆ, ಯಾವುದು ಇಳಿಯುತ್ತದೆ. ಕೊಯ್ದ ಹಣ್ಣು ದಾರಿಯಲ್ಲಿ ತನ್ನ ಗುಣ ಬದಲಿಸಬಾರದಂತೆ. ಅದಕ್ಕಾಗಿ ಮರದ ಬುಡದಲ್ಲೇ ಹೋಳು ಮಾಡಿ ಡ್ರೈ ಐಸಿನಲ್ಲಿ ಹೂತಿಡಬೇಕು. ಹೂತಿಡುವುದು ಎಲ್ಲಿ? ಬಂದರಿನಿಂದ ತಂದ ಮೀನಿನ ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಸಾರಥಿ ಯಾರು? ಬೇರೆ ಯಾರು ಸಿಗುತ್ತಾರೆ!

ಒಂದು ದಿನ ಕೂಳೂರು ಸೇತುವೆಯ ಹತ್ತಿರ ಪೊಲೀಸರೊಬ್ಬರು ಕಾರು ನಿಲ್ಲಿಸಿದರು. ಹಿಂದಿನ ಸೀಟಿನ ಪೆಟ್ಟಿಗೆಯಿಂದ ಡ್ರೈ ಐಸಿನ ಬಿಳಿ ಹೊಗೆ ಏಳುತ್ತಿತ್ತು. ನನಗೆ ಆಗಲೇ ಜೈಲಿನ ಊಟದ ಚಿಂತೆ ಹಿಡಿದಿತ್ತು.

"ಅದರಲ್ಲಿ ಎಂತ ಉಂಟು?"

"ಮಾವಿನಹಣ್ಣು ಸರ್," ಎಂದೆ.

"ಮಾವಿನಹಣ್ಣಿಗೆ ಹೊಗೆ ಯಾಕೆ?"

"ಇಲ್ಲದಿದ್ರೆ ಪ್ರೋಟೀನು ಹಾಳಾಗ್ತದೆ," ಎನ್ನುತ್ತಾ ಅಕ್ಕ ಮುಚ್ಚಳ ತೆರೆದು ಪಾಠ ಶುರು ಮಾಡಿದಳು. ಪಾಠ ಮುಗಿದ ಮೇಲೆ ಪೊಲೀಸರು ನನ್ನ ಕಿವಿಯ ಹತ್ತಿರ ಬಗ್ಗಿ, "ನಿಮಗೆ ದಿನಾ ಹೀಗೆಯಾ?" ಎಂದು ಕೇಳಿದರು. ದಂಡ ಹಾಕಲಿಲ್ಲ. ಶಿಕ್ಷೆ ಆಗಲೇ ನಡೆಯುತ್ತಿದೆ ಎಂದು ಅವರಿಗೆ ಮನವರಿಕೆಯಾಗಿತ್ತು.

ಇದನ್ನೂ ಸಹಿಸಬಹುದಿತ್ತು. ನನ್ನ ಮಗಳ ನಿಶ್ಚಿತಾರ್ಥದಲ್ಲಿ ನಡೆದದ್ದನ್ನು? ಹುಡುಗನ ಕಡೆಯವರು ಹಣ್ಣಿನ ಹರಿವಾಣ ತಂದಿಟ್ಟಿದ್ದರು. ವೀಳ್ಯ ಬದಲಾಗುವ ಮೊದಲೇ ಅಕ್ಕ ಮೇಲಿದ್ದ ಮುಂಡಪ್ಪವನ್ನೆತ್ತಿ, ವ್ಯಾನಿಟಿ ಬ್ಯಾಗಿನಿಂದ ಆಪರೇಶನ್ ಚಾಕು ತೆಗೆದು, ಅದರ ಹೊಟ್ಟೆ ಸೀಳಿದಳು! ವೀಳ್ಯ ಹಿಡಿದವರ ಕೈ ಗಾಳಿಯಲ್ಲೇ ನಿಂತಿತು. ಅವಳು ಒಂದು ತೊಟ್ಟು ರಸವನ್ನು ಸಕ್ಕರೆ ಅಳೆಯುವ ಪುಟ್ಟ ದುರ್ಬೀನಿಗೆ ಬಿಟ್ಟು, ಮದುಮಗನ ತಲೆಯ ಮೇಲಿನ ಟ್ಯೂಬ್‌ಲೈಟಿಗೆ ಗುರಿಯಿಟ್ಟು ನೋಡಿದಳು.

"ಇದು ಯಾರ ಮರದ್ದು?"

"ನಮ್ಮದೇ," ಎಂದರು ಹುಡುಗನ ದೊಡ್ಡಪ್ಪ, ಹೆಮ್ಮೆಯಿಂದ.

"ಬರೀ ಸಕ್ಕರೆ. ಅಮ್ಮನಿಗೆ ಉಪಯೋಗ ಇಲ್ಲ."

ನನ್ನ ಕಣ್ಣೆದುರೇ ಮಗಳ ಕೂದಲು ಮದುವೆಯಿಲ್ಲದೆ ನರೆತಂತಾಯಿತು. ಯಾರೋ ಕೆಮ್ಮಿದರು, ಹೇಗೋ ವೀಳ್ಯ ಬದಲಾಯಿತು. ಮರುದಿನ ಅದೇ ದೊಡ್ಡಪ್ಪ ನಮ್ಮ ಗೇಟಿನ ಮುಂದೆ ಒಂದು ಗೋಣಿ ಕಾಟುಮಾವು ಇಳಿಸಿದರು. ಬೇಲಿಬದಿಯಲ್ಲಿ ತಾನಾಗಿ ಬೆಳೆದ ಮರದ, ನಿಂಬೆಗಿಂತ ಚೂರು ದೊಡ್ಡದಾದ, ಬರೀ ನಾರಿನ ಹಣ್ಣು.

"ನಿಮ್ಮ ಅಕ್ಕನವರಿಗೆ ಹೇಳಿ, ಇದಕ್ಕೂ ಮಾರ್ಕ್ ಹಾಕ್ಲಿ," ಎಂದು ಹೋದರು.

ನಾನು ಅವಮಾನವೆಂದುಕೊಂಡೆ. ಅಕ್ಕ ಬಹುಮಾನವೆಂದುಕೊಂಡು ಗೋಣಿಯನ್ನು ಕಾಲೇಜಿಗೆ ಹೊರಿಸಿಕೊಂಡು ಹೋದಳು. ಕೆಲವು ದಿನ ಬಿಟ್ಟು ಒಂದು ಗ್ರಾಫ್ ತಂದು ತೋರಿಸಿದಳು. ಉಳಿದ ಮಾವುಗಳ ಗೆರೆ ಸಣ್ಣ ದಿಬ್ಬದಂತಿದ್ದರೆ, ಕಾಟುಮಾವಿನದು ಗರಗಸ.

"ಹುಳಿ ನೋಡು, ಒಗರು ನೋಡು. ಸಿಹಿಯನ್ನೂ ಬಿಟ್ಟಿಲ್ಲ."

ಆ ಭಾನುವಾರ ಅಮ್ಮನ ಕಣ್ಣಿಗೆ ಮೈ ಒರೆಸುವ ಬೈರಾಸು ಕಟ್ಟಿ, ಮೂರು ಬಟ್ಟಲಲ್ಲಿ ಮೂರು ಮಾವಿನ ಅರೆದ ತಿರುಳಿಟ್ಟಳು. ಹೆಸರು ಗೊತ್ತಾದರೆ ಅಮ್ಮ ನಮ್ಮ ಸಮಾಧಾನಕ್ಕೆ ಸುಳ್ಳು ಹೇಳಿಯಾರೆಂಬ ಅನುಮಾನ. ಮೊದಲು ಮುಂಡಪ್ಪ.

"ಸಕ್ಕರೆ ನೀರು," ಎಂದರು ಅಮ್ಮ.

ನೆಕ್ಕರೆ. "ಅದೂ ಹಾಗೇ. ಬಿಡು ಮಗಾ, ನೀನು ಯಾಕೆ ಇಷ್ಟು ಕಷ್ಟ ಪಡುದು?"

ಅಕ್ಕ ಚಮಚವನ್ನು ಒಂದಕ್ಕೆರಡು ಸಲ ಒರೆಸಿದಳು. ಮೂರನೆಯದನ್ನು ಅಮ್ಮನ ಬಾಯಿಗಿಟ್ಟಳು. ಅಮ್ಮನ ಹುಬ್ಬು ಗಂಟಾಯಿತು, ಕೆನ್ನೆ ಒಳಗೆ ಹೋಯಿತು, ಇಡೀ ಮುಖ ಹಿಂಡಿದ ಬಟ್ಟೆಯಾಯಿತು.

"ಥೂ, ಎಂತ ಹುಳಿ ಇದು," ಎಂದು ಬೈರಾಸನ್ನು ಹಣೆಗೆ ಸರಿಸಿದರು. ಬಟ್ಟಲನ್ನು ನೋಡಿದರು. "ಕಾಟುಮಾವನ್ನು ಯಾರಾದ್ರೂ ಅರೆದು ಕೊಡ್ತಾರಾ? ಇಷ್ಟು ಓದಿದವಳು. ಇಡೀ ಹಣ್ಣು ತಾ, ಉಪ್ಪು, ಮೆಣಸಿನ ಹುಡಿಯೂ ತಾ."

ತಂದುಕೊಟ್ಟವನು ನಾನು. ಅಕ್ಕನಿಗೆ ಏಳಲಾಗಲಿಲ್ಲ. ಅವಳು ನೆಲದಲ್ಲೇ ಕೂತು ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿದ್ದಳು. ಅಮ್ಮ ಅವಳ ಬೆನ್ನ ಮೇಲೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ಗೊರಟು ಚೀಪುತ್ತಿದ್ದರು. ಮುಂಗೈಯಿಂದ ಇಳಿದ ರಸ ಅಕ್ಕನ ಕೂದಲಿಗೆ ತೊಟ್ಟಿಕ್ಕುತ್ತಿತ್ತು. ಅವಳು ತಲೆಯೆತ್ತಲಿಲ್ಲ.