ಹಾಲ್‌ನ ಮೊಳೆಗೊಂದು ಫೋಟೋ

ಕ್ಯಾಮೆರಾ ಕೊರಳಿಗೆ ಹಾಕಿಕೊಂಡವನ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತದೆ. ಅದು ಫೋಟೋದಲ್ಲಿ ಬರುವುದಿಲ್ಲ, ಅಷ್ಟೆ.

ನಾನು ಕ್ಯಾಮೆರಾ ತಂದ ದಿನ, ಕಡೂರಿನ ನಮ್ಮ ಮನೆಯ ಹಾಲ್‌ನಲ್ಲಿದ್ದ ದೇವರ ಕ್ಯಾಲೆಂಡರನ್ನು ಹೆಂಡತಿ ತೆಗೆದಿಟ್ಟು ಖಾಲಿ ಮೊಳೆ ತೋರಿಸಿದಳು. "ಯುಗಾದಿಯೊಳಗೆ ಇಲ್ಲಿಗೆ ಹಾಕೋ ಅಂಥ ಒಂದು ಫೋಟೋ ತೆಗೀರಿ. ಆಗ್ಲಿಲ್ಲ ಅಂದ್ರೆ ಕ್ಯಾಲೆಂಡರ್ ಮೊಳೆಗೆ, ಕ್ಯಾಮೆರಾ ಅಟ್ಟಕ್ಕೆ."

ಮೊಬೈಲಿನಲ್ಲಿ ಪಾಠ ಹೇಳುವ ಗುರುವೊಬ್ಬರನ್ನು ಹಿಡಿದು ಅಭ್ಯಾಸಕ್ಕೆ ಇಳಿದೆ.

ಒಂದೇ ವಸ್ತು, ಹಲವು ಕೋನ

ಒಂದೇ ವಸ್ತುವನ್ನು ಎಲ್ಲ ದಿಕ್ಕಿನಿಂದ ತೆಗೆಯಬೇಕು. ಸಂತೆಯಲ್ಲಿ ಒಂದು ತೆಂಗಿನಕಾಯಿ ಆರಿಸಿಕೊಂಡೆ. ಕೂತು ತೆಗೆದೆ, ಬಗ್ಗಿ ತೆಗೆದೆ, ವ್ಯಾಪಾರಿಯ ಅನುಮತಿ ಪಡೆದು ಮಲಗಿಯೂ ತೆಗೆದೆ. ಚೀಲ ಹಿಡಿದು ನಿಂತಿದ್ದ ಹೆಂಗಸೊಬ್ಬಳು, "ನಂಗೆ ಅದೇ ಕಾಯಿ ಕೊಡಪ್ಪಾ," ಎಂದಳು.

"ಎಲ್ಲಾ ಒಂದೇ ಕಣಮ್ಮ."

"ಒಂದೇ ಆಗಿದ್ರೆ ಅವ್ರು ಅದನ್ನೇ ಯಾಕೆ ಅಷ್ಟೊತ್ತು ನೋಡ್ತಿದ್ರು?"

ನನ್ನ ವಸ್ತು ಚೀಲಕ್ಕೆ ಇಳಿಯಿತು. ಮುಂದಿನ ಸಂತೆಯಲ್ಲಿ ವ್ಯಾಪಾರಿ ದೂರದಿಂದಲೇ ಕರೆದ: "ಬನ್ನಿ ಸಾರ್, ಇವತ್ತು ಈ ಸಣ್ಣ ಕಾಯಿ ಕಡೆ ಮಲಗಿ. ಇವು ಹೋಗ್ತಾನೇ ಇಲ್ಲ."

ಓಡುವುದನ್ನು ಹಿಡಿಯುವುದು

ಓಡುವ ವಸ್ತುವಿನ ಜೊತೆಗೇ ಕ್ಯಾಮೆರಾ ತಿರುಗಿಸಬೇಕು. ಶಿವನಿ ಸ್ಟೇಷನ್ನಿಗೆ ಹೋಗಿ, ನಿಲ್ಲದೆ ಹೋಗುವ ರೈಲಿಗೆ ಕಾದೆ. ಟವೆಲ್ ಹೊದ್ದ ಹಿರಿಯರೊಬ್ಬರು ಬಂದರು.

"ನಿಲ್ದೇ ಇರೋ ಗಾಡಿ ಫೋಟೋ ಯಾಕ್ ಸಾರ್?"

"ಅಭ್ಯಾಸಕ್ಕೆ."

ಅವರು ನಂಬಲಿಲ್ಲ. ಬೆಂಚಿನ ಮೇಲಿದ್ದವರ ಕಡೆ ತಿರುಗಿ, "ಇಲ್ಲಿ ಸ್ಟಾಪ್ ಕೊಡ್ಸೋಕೆ ಬಂದವ್ರೆ ಕಣ್ರೋ. ದೊಡ್ಡ ಮನುಷ್ಯರು, ಹೇಳ್ಕೊಳಲ್ಲ," ಎಂದರು. ರೈಲು ಬರುವ ಹೊತ್ತಿಗೆ ಎಲ್ಲರೂ ನನ್ನೆದುರು ಸಾಲಾಗಿ ಕೈಮುಗಿದು ನಿಂತಿದ್ದರು.

ಮನೆಯಲ್ಲಿ ಹೆಂಡತಿ ಫೋಟೋ ನೋಡಿ, "ಇವ್ರೆಲ್ಲಾ ಯಾರು?" ಎಂದಳು.

"ರೈಲು," ಎಂದೆ.

ಹತ್ತಿರ ಹೋಗಿ

ಜೂಮ್ ಬೇಡ, ಕಾಲು ಬಳಸಿ ಎಂದರು ಗುರು. ಅವರು ಅಮೃತಮಹಲ್ ಹೋರಿಯನ್ನು ನೋಡಿದವರಲ್ಲ. ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಕಾಯುವವನು, "ಅಲ್ಲೇ ನಿಲ್ಲಿ ಸಾರ್, ಗುರ್ತಿಲ್ಲದವ್ರನ್ನ ಅದು ಸೇರಲ್ಲ," ಎಂದ. ನಾನು ಕಾಲು ಬಳಸಿದೆ. ಹೋರಿಯೂ ಬಳಸಿತು.

ಜಾಲಿ ಮರದ ಹಿಂದಿನಿಂದ ನನ್ನನ್ನು ಈಚೆ ಕರೆದು ಅವನು ಕೇಳಿದ: "ಫೋಟೋ ಬಂತಾ?"

"ಕೊಂಬು ಮಾತ್ರ ಬಂದಿದೆ."

"ಕೊಂಬೂ ಬಂದು ನೀವೂ ಬಂದಿದ್ದೀರಲ್ಲ. ಸಾಕು ಬಿಡಿ."

ಕಿಟಕಿಯ ಬೆಳಕು

ಯುಗಾದಿಗೆ ಕೆಲವೇ ದಿನವಿತ್ತು. ಉಳಿದದ್ದು ಕೊನೆಯ ಅಭ್ಯಾಸ: ಕಿಟಕಿಯ ಬೆಳಕಿನಲ್ಲಿ ಮುಖ. ಹಬ್ಬಕ್ಕೆಂದು ಅಜ್ಜಂಪುರದಿಂದ ಬಂದಿದ್ದ ಅತ್ತೆ ಕಿಟಕಿ ಪಕ್ಕ ಅಕ್ಕಿ ಆರಿಸುತ್ತಿದ್ದರು. ಕ್ಯಾಮೆರಾ ಕಂಡೊಡನೆ ಸೆಟೆದು ಕೂತರು. ನಾನು ಸುಮ್ಮನೆ ಕಾದೆ. ಕೊನೆಗೆ ನನ್ನನ್ನು ಮರೆತು ಮಗಳಿಗೆ, "ನಿನ್ನ ಒಬ್ಬಟ್ಟು ತಿನ್ನೋಕೇ ಈ ಸಲ ಹೊಸ ಹಲ್ಲು ಕಟ್ಟಿಸ್ಕೊಂಡು ಬಂದಿದ್ದೀನಿ ಕಣೇ," ಎಂದು ನಕ್ಕರು. ಒತ್ತಿದೆ.

ತರೀಕೆರೆಯ ಸ್ಟುಡಿಯೋದಲ್ಲಿ ಕಟ್ಟು ಹಾಕಿಸಿ ತಂದೆ. ಹೆಂಡತಿ ಬಹಳ ಹೊತ್ತು ನೋಡಿ, ತಾನೇ ಮೊಳೆಗೆ ಹಾಕಿದಳು. ಹಬ್ಬದ ಬೆಳಿಗ್ಗೆ, ಆ ಮೊಳೆಯ ದೇವರಿಗೆ ದಿನಾ ಹೂ ಮುಡಿಸುತ್ತಿದ್ದ ಅವಳ ಕೈ ಅಭ್ಯಾಸಬಲದಿಂದ ಒಂದು ಮೊಳ ಸೇವಂತಿಗೆಯನ್ನೂ ಇಳಿಬಿಟ್ಟಿತು.

ಬೇವುಬೆಲ್ಲ ತಂದ ಪಕ್ಕದ ಮನೆಯ ಅಜ್ಜಿ ಗೋಡೆ ನೋಡಿ ಕುಸಿದು ಕೂತರು. "ಯಾವಾಗಾಯ್ತಪ್ಪಾ?"

ನಾನು ಫೋಟೋದ ವಿಷಯ ಎಂದುಕೊಂಡೆ. "ಬುಧವಾರ."

"ತುಂಬಾ ಕಷ್ಟ ಆಯ್ತಾ?"

"ಇಲ್ಲಜ್ಜಿ. ಅವ್ರಿಗೆ ಗೊತ್ತೇ ಆಗ್ಲಿಲ್ಲ. ಒಬ್ಬಟ್ಟಿನ ಮಾತಾಡ್ತಾ ನಗ್ತಿದ್ರು, ಅಷ್ಟರಲ್ಲಿ ಆಗೋಯ್ತು."

ಅಜ್ಜಿ ಸೆರಗು ಕಣ್ಣಿಗೆ ಒತ್ತಿಕೊಂಡರು. ಆಗ ಅತ್ತೆ ಒಬ್ಬಟ್ಟಿನ ತಟ್ಟೆ ಹಿಡಿದು ಅಡಿಗೆಮನೆಯಿಂದ ಬಂದು, "ಯಾರು ಹೋಗಿದ್ದು?" ಎಂದರು.

ಅಜ್ಜಿಗೆ ನೀರು ಕುಡಿಸಿದ್ದಾಯಿತು. ಅತ್ತೆ ಗೋಡೆಯತ್ತ ತಿರುಗಿದರು. ಕ್ಯಾಮೆರಾ ಅಟ್ಟ ಹತ್ತಿತು ಎಂದುಕೊಂಡೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, ಮಗಳಿಗೆ ಹೇಳಿದರು: "ಹೂವು ಒಂಚೂರು ಸರಿಸೇ. ಹಲ್ಲು ಮುಚ್ತದೆ."

ಹೆಂಡತಿ ಕ್ಯಾಲೆಂಡರಿಗೆ ಅಡಿಗೆಮನೆಯಲ್ಲಿ ಬೇರೆ ಮೊಳೆ ಹೊಡೆದಳು. ಅಜ್ಜಿ ಲೋಟ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು.

"ನಂದೂ ಹಿಂಗೇ ಒಂದು ತೆಗ್ದಿಡಪ್ಪಾ. ಮಕ್ಕಳನ್ನ ನಂಬ್ಕೊಂಡ್ರೆ ಆಧಾರ್ ಕಾರ್ಡಿಂದೇ ದೊಡ್ಡದು ಮಾಡ್ಸಿ ಹೂ ಹಾಕ್ಬಿಡ್ತಾರೆ."